ರಬ್ಬರು ನುಂಗಿದ್ದು

ಕ್ಲಚ್ಚು ಬಿಟ್ಟಾಗಲೆಲ್ಲ ಹಿಂದಿನ ಸೀಟಿನ ಕೆಳಗೆ
ಯಾರೋ ಕದ ತಟ್ಟಿದ ಹಾಗೆ, ಟೊಣ್,
ಒಂದೇ ಸಲ,
ತೆಗೆಯುವಷ್ಟರಲ್ಲಿ ಹೋಗಿಬಿಟ್ಟವರ ಹಾಗೆ.
“ತಿಂಗಳಾಯ್ತು,” ಅಂದರು ಲಿಗೋರಿ ಪೊರ್ಬುಗಳು,
“ಗಿರಿ ಹತ್ತುವಾಗ ಜಾಸ್ತಿ.”

ತೊಂಬತ್ತೆಂಟರ ಬಿಎಂಡಬ್ಲ್ಯೂ. ಆರು ಸಿಲಿಂಡರು.
ಕಡೂರು ರಸ್ತೆಯ ನನ್ನ ಶೆಡ್ಡಿಗೆ ಅದು ತಿರುಗಿದರೆ
ಎದುರಿನ ಪಂಕ್ಚರ್ ಅಂಗಡಿಯವರು ಎದ್ದು ನಿಲ್ಲುತ್ತಾರೆ,
ಪೊರ್ಬುಗಳಿಗಲ್ಲ, ಕಾರಿಗೆ.
ಇಪ್ಪತ್ತೆರಡು ವರ್ಷ ರ‍್ಯಾಲಿಯಲ್ಲಿ ಎಡಗಡೆ ಸೀಟಿನವರು ಇವರು,
ಮಡಿಲಲ್ಲಿ ಪುಸ್ತಕ, ಬಾಯಲ್ಲಿ ತಿರುವು,
ಸ್ಟೇರಿಂಗು ಯಾವತ್ತೂ ಬೋಪಣ್ಣನದು.
ಈಗ ಅರವತ್ತಮೂರರಲ್ಲಿ ತಾವೇ ಓಡಿಸುತ್ತಾರೆ,
ಪಕ್ಕದ ಸೀಟು ಖಾಲಿ,
ತಮಗೆ ತಾವೇ ಹೇಳಿಕೊಳ್ಳುತ್ತಾರೆ:
ಎಡ ಮೂರು. ಬಲ ಎರಡು, ಬಿಗಿ.

ಗುಂಡಿಗಿಳಿದು ಟಾರ್ಚು ಬಿಟ್ಟೆ.
ಡಿಫರೆನ್ಷಿಯಲ್ಲನ್ನು ಹಿಡಿದಿದ್ದ ಬುಶ್ಶು
ಚಳಿಗಾಲದ ಹಿಮ್ಮಡಿ ಹಾಗೆ ಒಡೆದಿತ್ತು.
ಬೆರಳು ತೂರಿಸಿದರೆ ಆಚೆ ಬಂತು.
ಅಷ್ಟು ಭಾರದ ಉಕ್ಕು
ಇಷ್ಟೇ ಇಷ್ಟು ರಬ್ಬರನ್ನು ನಂಬಿ ಕೂತಿತ್ತು.

ಕಂಪನಿಯದು ಸಿಗುವುದಿಲ್ಲ. ಹೊರಗಿನದು ತರಿಸಿದೆವು,
ಹಳದಿ ಪಾಲಿ, ಸುತ್ತ ಅಲ್ಯುಮಿನಿಯಂ ಬಳೆ.
“ಗಟ್ಟಿ ಮಾಲು,” ಎಂದೆ, “ಸದ್ದು ಮಾಡಬಹುದು.”
“ನನ್ನ ಕಿವಿ ಅರ್ಧ ಹೋಗಿದೆ. ಹಾಕು.”

ಹಳೆಯದನ್ನು ತೆಗೆಯುವುದೇ ಒಂದು ದಿನದ ಕೂಲಿ.
ಗ್ಯಾಸಿನ ಬೆಂಕಿ ಹಿಡಿದು ರಬ್ಬರು ಸುಟ್ಟೆವು,
ಆ ನಾತಕ್ಕೆ ಶೆಡ್ಡಿನ ಬೆಕ್ಕು ಮೂರು ದಿನ ಬರಲಿಲ್ಲ.
ಉಳಿದ ಉಕ್ಕಿನ ಬಳೆಯನ್ನು
ಒಳಗಿನಿಂದ ಹ್ಯಾಕ್ಸಾ ಬ್ಲೇಡು ತೂರಿಸಿ
ಅಫ್ನಾನ್ ಉಸಿರು ಹಿಡಿದು ಕೊಯ್ದ.
“ಬಳೆ ಮಾತ್ರ, ಅದು ಕೂರುವ ಮನೆಗೆ ಗೀರು ಬೀಳಬಾರದು ಮಾರಾಯ.”

ಹೊಸದು ಆ ರಾತ್ರಿ
ಮೊಯ್ದಿನಬ್ಬನ ಮೀನಂಗಡಿಯ ಫ್ರೀಜರಿನಲ್ಲಿ
ಬಂಗುಡೆಗಳ ನಡುವೆ ಮಲಗಿತ್ತು.
ಚಳಿಗೆ ಲೋಹ ಕುಗ್ಗುತ್ತದೆ, ಕೂದಲೆಳೆಯಷ್ಟು.
ನಮಗೆ ಬೇಕಿದ್ದದ್ದೂ ಅಷ್ಟೇ.
ಬೆಳಿಗ್ಗೆ ಓಡೋಡಿ ತಂದು, ಮನೆಗೆ ಬಿಸಿ ತೋರಿಸಿ,
ಲಾರಿ ಬೇರಿಂಗಿನ ಹಳೇ ಬಳೆಯೊಂದನ್ನು ಆಚೆ ಆತು ಕೊಟ್ಟು
ಉದ್ದ ಬೋಲ್ಟಿನಿಂದ ಎಳೆದೆ.
ಕಿರ್ರ್ ಅಂದಿತು. ಮತ್ತೆ ಅರ್ಧ ಸುತ್ತು.
ಆಮೇಲೆ ತನ್ನದೇ ಜಾಗ ಎಂಬಂತೆ ಕೂತಿತು,
ಮೀನಿನ ವಾಸನೆಯ ಸಮೇತ.

ಕೈಮರದ ಕಡೆಗೆ ಹೊರಟೆವು. ಎಡಗಡೆ ಸೀಟು ನನ್ನದು.
ಕ್ಲಚ್ಚು ಬಿಟ್ಟರು. ಏನೂ ಇಲ್ಲ.
ಕದ ತಟ್ಟುವವರು ಊರು ಬಿಟ್ಟಿದ್ದರು.
ಆದರೆ ಮೂರನೇ ಗೇರಿನಲ್ಲಿ, ಅರವತ್ತು ದಾಟಿದ ಮೇಲೆ,
ಒಂದು ತೆಳ್ಳನೆ ಕುಂಯ್,
ಮುಚ್ಚಿದ ಪಾತ್ರೆಯೊಳಗೆ ಸೊಳ್ಳೆ ಸಿಕ್ಕಿಕೊಂಡ ಹಾಗೆ,
ನೆಲದಿಂದ ಸೀಟಿಗೆ, ಸೀಟಿನಿಂದ ಬೆನ್ನೊಳಕ್ಕೆ.
ಕಿವಿ ಅರ್ಧ ಹೋದವರಿಗೇ ಮೊದಲು ಕೇಳಿತು.

“ಇದು ಹೊಸದಾ?”
“ಅಲ್ಲ. ಹಲ್ಲು ಸವೆದ ಸದ್ದು. ಹಿಂದೆಯೂ ಇತ್ತು.
ರಬ್ಬರು ನುಂಗಿಕೊಳ್ಳುತ್ತಿತ್ತು.”

ಎರಡು ತಿರುವು ಅವರು ಹೇಳಲಿಲ್ಲ.
ಚೆಕ್‌ಪೋಸ್ಟಿನ ಹತ್ತಿರ ಗಾಡಿ ನಿಲ್ಲಿಸಿ,
ಎಂಜಿನ್ ಆರಿಸದೆ, ಎದುರಿನ ಗಾಜಿಗೆ ಹೇಳಿದರು:
“ಒಂದು ಸಲ ಎರಡು ಪುಟ ಒಟ್ಟಿಗೆ ತಿರುವಿಬಿಟ್ಟೆ ನಾನು.
ಕಾರು ಮೂರು ಪಲ್ಟಿ. ಬೋಪಣ್ಣನ ಭುಜ ಹೋಯ್ತು.
ಎಲ್ಲರಿಗೂ ಅವನು ಹೇಳಿದ್ದು ಬ್ರೇಕು ಹಿಡಿಯಲಿಲ್ಲ ಅಂತ.
ನನಗೂ ಹಾಗೇ ಹೇಳಿದ.
ಸಾಯೋವರೆಗೂ.”

ಏನು ಹೇಳಬೇಕೋ ತಿಳಿಯದೆ,
ಬೇಕಾದರೆ ಮೆತ್ತನೆಯದು ಹುಡುಕಿ ಹಾಕುತ್ತೇನೆ, ಎಂದೆ.
“ಬೇಡ,” ಅಂದರು, “ಇರಲಿ.”
ಇಳಿಯುವಾಗ ಮತ್ತೆ ಶುರು: ಬಲ ನಾಲ್ಕು. ಎಡ ಎರಡು.
ಈ ಸಲ ಸ್ವಲ್ಪ ಜೋರಾಗಿ,
ಆ ಕುಂಯ್ ದಾಟಿ ಕೇಳಬೇಕಲ್ಲ.

ಸಂಜೆ ಮೊಯ್ದಿನಬ್ಬ ಫ್ರೀಜರಿನ ಬಾಡಿಗೆ ಕೇಳಿದ.
ಅರ್ಧ ಕಿಲೋ ಬಂಗುಡೆ ಕೊಂಡು ಲೆಕ್ಕ ಮುಗಿಸಿದೆ.